ಕ್ಲಾಡ್ ರೇನ್ಸ್: ಮುಖಕ್ಕಿಂತ ಮೊದಲು ಬಂದ ದನಿ

ಕ್ಯಾಸಾಬ್ಲಾಂಕಾ ನೋಡಿದವರು ಹೆಚ್ಚಾಗಿ ಹಂಫ್ರಿ ಬೊಗಾರ್ಟ್ ಬಗ್ಗೆ ಮಾತಾಡುತ್ತಾರೆ. ಇಲ್ಲವೇ ಇಂಗ್ರಿಡ್ ಬರ್ಗ್‌ಮನ್ ಕಣ್ಣುಗಳ ಬಗ್ಗೆ. ನಾನು ಆ ಸಿನಿಮಾವನ್ನು ಮತ್ತೆ ಮತ್ತೆ ಹಾಕಿಕೊಂಡು ಕೂರುವುದು ಬೇರೆಯವರೊಬ್ಬರಿಗಾಗಿ. ಕ್ಯಾಪ್ಟನ್ ಲೂಯಿ ರೆನೋ. ಲಂಚಕೋರ, ರಸಿಕ, ಗಾಳಿ ಬೀಸಿದ ಕಡೆಗೆ ವಾಲುವ ಪೊಲೀಸ್ ಅಧಿಕಾರಿ. ಇಲ್ಲಿ ಜೂಜು ನಡೀತಿದೆಯಲ್ಲ ಅಂತ ದಿಗಿಲು ಬಿದ್ದವನ ಹಾಗೆ ನಟಿಸಿ ಕ್ಲಬ್ಬನ್ನು ಮುಚ್ಚಿಸುತ್ತಾನೆ. ಅದೇ ಹೊತ್ತಿಗೆ ಅಲ್ಲಿನ ಕೆಲಸದವನು ಬಂದು, ಜೂಜಿನಲ್ಲಿ ಅವನೇ ಗೆದ್ದ ಹಣವನ್ನು ಅವನ ಕೈಗಿಡುತ್ತಾನೆ. ರೆನೋ ತಣ್ಣಗೆ ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಇಂಥವನನ್ನು ನಾವು ದ್ವೇಷಿಸಬೇಕಿತ್ತು. ಆಗುವುದಿಲ್ಲ. ಕೊನೆಗೆ ಅವನು ಒಳ್ಳೆಯ ಪಕ್ಷಕ್ಕೆ ಬಂದಾಗ ನಮಗೆ ಆಶ್ಚರ್ಯವೂ ಆಗುವುದಿಲ್ಲ. ಅದಕ್ಕೆ ಕಾರಣ ಆ ದನಿ. ಮೇಲೆ ರೇಷ್ಮೆ, ಒಳಗೆಲ್ಲೋ ಸ್ವಲ್ಪ ಮರಳು.

ಆ ದನಿಯ ಒಡೆಯ ಕ್ಲಾಡ್ ರೇನ್ಸ್. ಆ ರೇಷ್ಮೆ ಎಲ್ಲಿಂದ ಬಂತು, ಆ ಮರಳು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಇಪ್ಪತ್ತನೇ ಶತಮಾನದ ಇಂಗ್ಲೆಂಡಿನ ಅರ್ಧ ಕತೆಯೇ ಸಿಗುತ್ತದೆ.

ರೇನ್ಸ್ ಹುಟ್ಟಿದ್ದು 1889ರ ನವೆಂಬರ್ 10ರಂದು, ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ. ತಂದೆ ಫ್ರೆಡ್ ರೇನ್ಸ್ ಕೂಡ ನಟ. ಆದರೆ ನಟನ ಮಗ ಅಂದ ಮಾತ್ರಕ್ಕೆ ಸುಖವಾಗಿ ಬೆಳೆದ ಹುಡುಗ ಅಂದುಕೊಳ್ಳಬೇಡಿ. ಮನೆಯಲ್ಲಿ ಬಡತನವಿತ್ತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲೇ ತೀರಿಕೊಂಡರು. ಹುಡುಗನಿಗೆ ಲಂಡನ್ನಿನ ದುಡಿಯುವ ಜನರ ಕಾಕ್ನಿ ಮಾತು, ಅದರ ಮೇಲೆ ನಾಲಿಗೆ ಹೊರಳದ ತೊಂದರೆ ಬೇರೆ. 'ರ' ಅನ್ನಲು ಹೋದರೆ 'ವ' ಬರುತ್ತಿತ್ತು. ತನ್ನ ಹೆಸರನ್ನೇ ಸರಿಯಾಗಿ ಹೇಳಲಾಗದ ಹುಡುಗ. ತುಂಬ ವರ್ಷಗಳ ನಂತರ ಮಗಳ ಎದುರು ತನ್ನ ಬಾಲ್ಯದ ಮಾತನ್ನು ಆಡಿ ತೋರಿಸಿದಾಗ ಅವಳಿಗೆ ಒಂದು ಪದವೂ ತಿಳಿಯಲಿಲ್ಲವಂತೆ.

ಚರ್ಚಿನಲ್ಲಿ ಹಾಡುತ್ತಿದ್ದ ಹುಡುಗ 1900ರಲ್ಲಿ ಹೇಮಾರ್ಕೆಟ್ ಥಿಯೇಟರಿನ ಒಂದು ನಾಟಕದಲ್ಲಿ ಮಕ್ಕಳ ಗುಂಪಿನೊಳಗೆ ಒಬ್ಬನಾಗಿ ರಂಗಕ್ಕೆ ಬಂದ. ಸ್ಕೂಲು ಅರ್ಧಕ್ಕೇ ನಿಂತಿತು. ಮುಂದೆ ಸೇರಿದ್ದು ಆ ಕಾಲದ ದೊಡ್ಡ ನಟ, ದೊಡ್ಡ ಯಜಮಾನ ಹರ್ಬರ್ಟ್ ಬೀರ್‌ಬೋಮ್ ಟ್ರೀ ಅವರ ಹಿಸ್ ಮೆಜೆಸ್ಟೀಸ್ ಥಿಯೇಟರಿಗೆ. ಟ್ರೀ ಅವರದ್ದು ಅದ್ದೂರಿ ಕಾರುಬಾರು. ಶೇಕ್ಸ್‌ಪಿಯರ್ ನಾಟಕದ ಕಾಡಿನ ದೃಶ್ಯಕ್ಕೆ ಜೀವಂತ ಮೊಲಗಳನ್ನು ರಂಗದ ಮೇಲೆ ಬಿಟ್ಟ ಮನುಷ್ಯ. ಅಲ್ಲಿ ನಮ್ಮ ಹುಡುಗ ಕಾಲ್ ಬಾಯ್. ಅಂದರೆ ಪ್ರತಿ ನಟರ ಕೋಣೆಯ ಬಾಗಿಲು ತಟ್ಟಿ, ನಿಮ್ಮ ಪ್ರವೇಶ ಬಂತು ಅಂತ ಹೇಳುವ ಕೆಲಸ. ಆಮೇಲೆ ಪ್ರಾಂಪ್ಟರ್. ಮತ್ತೆ ರಂಗ ವ್ಯವಸ್ಥಾಪಕರ ಸಹಾಯಕ. ಸೈಡ್ ವಿಂಗಿನ ಕತ್ತಲಲ್ಲಿ ನಿಂತು ಎಲ್ಲರ ಮಾತನ್ನೂ ಕೇಳುತ್ತಾ, ಮರೆತವರಿಗೆ ನೆನಪಿಸುತ್ತಾ ಬೆಳೆದ. ಯಾವ ನಟನಾ ಶಾಲೆ ಇಷ್ಟು ಕಲಿಸುತ್ತದೆ ಹೇಳಿ.

ಈ ಹುಡುಗನಲ್ಲಿ ಏನೋ ಇದೆ ಅಂತ ಟ್ರೀ ಅವರಿಗೆ ಕಂಡಿತು. ಆದರೆ ಆ ಮಾತು ಇಟ್ಟುಕೊಂಡು ಲಂಡನ್ ರಂಗಭೂಮಿಯಲ್ಲಿ ರಾಜನ ಪಾತ್ರ ಇರಲಿ, ರಾಜನ ಬಾಗಿಲು ಕಾಯುವವನ ಪಾತ್ರ ಸಿಗುವುದೂ ಕಷ್ಟವಿತ್ತು. ಟ್ರೀ ತಮ್ಮ ಕೈಯಿಂದ ಹಣ ಕೊಟ್ಟು ಉಚ್ಚಾರಣೆಯ ಪಾಠಕ್ಕೆ ಕಳಿಸಿದರು. ಹುಡುಗ ಪಟ್ಟು ಹಿಡಿದು ಕಲಿತ. ಬೀದಿಯ ಹೂ ಮಾರುವ ಹುಡುಗಿಗೆ ಪ್ರೊಫೆಸರೊಬ್ಬ ಶ್ರೀಮಂತರ ಮಾತು ಕಲಿಸುವ ಬರ್ನಾರ್ಡ್ ಶಾ ಅವರ ಪಿಗ್ಮಾಲಿಯನ್ ಗೊತ್ತಲ್ವಾ? ಅದು ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡಿದ್ದು 1914ರಲ್ಲಿ, ಇದೇ ಥಿಯೇಟರಿನಲ್ಲಿ. ಪ್ರೊಫೆಸರ್ ಹಿಗ್ಗಿನ್ಸ್ ಪಾತ್ರ ಮಾಡಿದ್ದು ಇದೇ ಟ್ರೀ. ಅವರ ಥಿಯೇಟರಿನ ಹಿಂಬದಿಯಲ್ಲಿ ಆ ಕತೆ ಅದಕ್ಕೂ ಮೊದಲೇ ನಿಜವಾಗಿ ನಡೆದು ಹೋಗಿತ್ತು.

ರೇಷ್ಮೆ ಬಂದದ್ದು ಹಾಗೆ. ಇನ್ನು ಮರಳು.

ಒಂದನೇ ಮಹಾಯುದ್ಧ ಶುರುವಾದ ಹೊತ್ತಿಗೆ ರೇನ್ಸ್ ಹಾರ್ಲಿ ಗ್ರಾನ್‌ವಿಲ್ ಬಾರ್ಕರ್ ಅವರ ತಂಡದಲ್ಲಿ ರಂಗದ ಹಿಂದಿನ ಕೆಲಸ ನೋಡಿಕೊಳ್ಳುತ್ತಿದ್ದರು. ತಂಡದ ಜೊತೆ ಅಮೆರಿಕಕ್ಕೂ ಹೋಗಿದ್ದರು. ಅಲ್ಲೇ ಉಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ವಾಪಸ್ ಬಂದು ಲಂಡನ್ ಸ್ಕಾಟಿಷ್ ರೆಜಿಮೆಂಟಿಗೆ ಸಾಮಾನ್ಯ ಸೈನಿಕನಾಗಿ ಸೇರಿಕೊಂಡರು. ಆ ಯುದ್ಧಕಾಲದಲ್ಲಿ ಆ ಒಂದೇ ರೆಜಿಮೆಂಟಿನಲ್ಲಿ ಯಾರ್ಯಾರಿದ್ದರು ನೋಡಿ. ರೊನಾಲ್ಡ್ ಕೋಲ್ಮನ್, ಬೇಸಿಲ್ ರಾಥ್‌ಬೋನ್, ಹರ್ಬರ್ಟ್ ಮಾರ್ಷಲ್. ಮುಂದೆ ಹಾಲಿವುಡ್ಡಿನಲ್ಲಿ ಇಂಗ್ಲಿಷ್ ಜೆಂಟಲ್‌ಮನ್ ಅಂದರೆ ಹೀಗಿರಬೇಕು ಅಂತ ಜಗತ್ತಿಗೆ ತೋರಿಸಿಕೊಟ್ಟವರೆಲ್ಲ ಒಂದೇ ಕಡೆ. ಮಾರ್ಷಲ್ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡರು. ಮರದ ಕಾಲಿನಲ್ಲೇ ಜೀವನವಿಡೀ ಹೀರೋ ಪಾತ್ರ ಮಾಡಿದರು. ಕೋಲ್ಮನ್ 1914ರಲ್ಲೇ ಕಾಲಿಗೆ ಗಾಯವಾಗಿ ವಾಪಸಾದರು. ರೇನ್ಸ್ ಪಾಲಿಗೆ ಬಂದದ್ದು ವಿಷಾನಿಲ. ಫ್ರಾನ್ಸಿನ ವಿಮಿ ಬಳಿ ನಡೆದ ದಾಳಿಯಲ್ಲಿ ಅವರ ಒಂದು ಕಣ್ಣಿನ ದೃಷ್ಟಿ ಹೆಚ್ಚುಕಮ್ಮಿ ಹೊರಟೇ ಹೋಯಿತು. ಗಂಟಲಿಗೂ ಪೆಟ್ಟು ಬಿತ್ತು. ದನಿಯಲ್ಲಿ ಉಳಿದ ಆ ಒರಟು ಅಲ್ಲಿಂದ ಬಂದದ್ದು. ಸಾಮಾನ್ಯ ಸೈನಿಕನಾಗಿ ಸೇರಿದವರು ಯುದ್ಧ ಮುಗಿಯುವಾಗ ಕ್ಯಾಪ್ಟನ್ ಆಗಿದ್ದರು. ಕಣ್ಣಿನ ವಿಷಯವನ್ನು ಹೊರಗೆ ಹೇಳಿಕೊಳ್ಳಲೇ ಇಲ್ಲ. ಬಹಳ ಕಾಲ ಅದು ಹತ್ತಿರದವರಿಗೆ ಮಾತ್ರ ತಿಳಿದ ಗುಟ್ಟಾಗಿತ್ತು.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾವು ಒಬ್ಬ ನಟನ ದನಿಯನ್ನು ಹೊಗಳುವಾಗ ಅದು ದೇವರು ಕೊಟ್ಟ ವರ ಅನ್ನುವ ಹಾಗೆ ಮಾತಾಡುತ್ತೇವೆ. ರೇನ್ಸ್ ದನಿಯಲ್ಲಿ ಹುಟ್ಟಿನಿಂದ ಬಂದದ್ದು ತೀರಾ ಕಡಿಮೆ. ಅರ್ಧ ಮತ್ತೊಬ್ಬರ ಔದಾರ್ಯ ಮತ್ತು ತನ್ನ ಹಠ. ಇನ್ನರ್ಧ ರಾಸಾಯನಿಕ ಅಸ್ತ್ರ. ಆ ದನಿ ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆ ಖುಷಿಗೆ ಯಾರು ಏನು ಬೆಲೆ ತೆತ್ತರು ಅನ್ನುವುದೂ ನೆನಪಾಗುತ್ತದೆ.

ಯುದ್ಧದ ನಂತರ ಲಂಡನ್ ರಂಗಭೂಮಿಯಲ್ಲಿ ಅವರಿಗೆ ಒಳ್ಳೆಯ ದಿನಗಳು ಬಂದವು. ಹ್ಯಾಂಪ್‌ಸ್ಟೆಡ್‌ನ ಪುಟ್ಟ ಎವ್ರಿಮ್ಯಾನ್ ಥಿಯೇಟರಿನಲ್ಲಿ ಶಾ ನಾಟಕಗಳನ್ನು ಸಾಲಾಗಿ ಮಾಡಿದರು. 1920ರಲ್ಲಿ ಒಂದು ಮೂಕಿ ಚಿತ್ರದಲ್ಲೂ ಕಾಣಿಸಿಕೊಂಡರು. ದನಿಯೇ ಆಸ್ತಿಯಾದವರಿಗೆ ಮೂಕಿಯಲ್ಲಿ ಏನು ಕೆಲಸ? ಮತ್ತೆ ಆ ಕಡೆ ಹೋಗಲಿಲ್ಲ. ಟ್ರೀ 1904ರಲ್ಲಿ ಕಟ್ಟಿದ ನಾಟಕ ಶಾಲೆ ಅಷ್ಟರಲ್ಲಿ ರಾಡಾ, ಅಂದರೆ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್, ಎಂದು ಹೆಸರಾಗಿತ್ತು. ಅಲ್ಲಿ ರೇನ್ಸ್ ಮೇಷ್ಟರಾದರು. ಕ್ಲಾಸಿನಲ್ಲಿ ಜಾನ್ ಗೀಲ್‌ಗುಡ್, ಚಾರ್ಲ್ಸ್ ಲಾಟನ್ ಇದ್ದರು. ಇಪ್ಪತ್ತನೇ ಶತಮಾನದ ಇಂಗ್ಲಿಷ್ ರಂಗಭೂಮಿಯ ಅತಿ ಸುಂದರ ದನಿ ಯಾರದ್ದು ಅಂತ ಕೇಳಿದರೆ ತುಂಬ ಜನ ಗೀಲ್‌ಗುಡ್ ಹೆಸರು ಹೇಳುತ್ತಾರೆ. ಕ್ಯಾಂಬರ್‌ವೆಲ್‌ನ ತೊದಲು ಹುಡುಗ ಅಂಥವರಿಗೆ ಪಾಠ ಹೇಳಿದ ಅನ್ನುವುದು ನನಗೆ ಅವರ ಎಲ್ಲ ಸಿನಿಮಾಗಳಷ್ಟೇ ದೊಡ್ಡ ವಿಷಯ.

1926ರಲ್ಲಿ ಒಂದು ನಾಟಕದ ಜೊತೆ ನ್ಯೂಯಾರ್ಕಿಗೆ ಹೋದವರು ಅಲ್ಲೇ ನೆಲೆ ನಿಂತರು. ಥಿಯೇಟರ್ ಗಿಲ್ಡ್ ಎಂಬ ನಾಟಕ ಸಂಸ್ಥೆ ಸೇರಿ ಒಂದಾದ ಮೇಲೊಂದು ಪಾತ್ರ ಮಾಡಿದರು. ಪರ್ಲ್ ಬಕ್ ಕಾದಂಬರಿಯ ನಾಟಕ ರೂಪದಲ್ಲಿ ಚೀನಾದ ರೈತನೂ ಆದರು. ಇಂಗ್ಲಿಷ್ ನಟ ಚೀನೀ ರೈತನಾಗುವುದು ಇಂದು ನಮಗೆ ಒಪ್ಪುವ ಮಾತಲ್ಲ. ಅಂದಿನ ಬ್ರಾಡ್‌ವೇಗೆ ಅದು ತೀರಾ ಸಾಮಾನ್ಯವಾಗಿತ್ತು. ಆರ್ಥಿಕ ಕುಸಿತದ ವರ್ಷಗಳು ಅವು. ನಾಟಕದ ಕೆಲಸ ಕಮ್ಮಿಯಾಗುತ್ತಾ ಬಂತು. ವಯಸ್ಸು ನಲವತ್ತು ದಾಟಿತ್ತು. ಎತ್ತರವೂ ಹೆಚ್ಚಿರಲಿಲ್ಲ.

ಆಗ ಬಂದದ್ದು ಹಾಲಿವುಡ್ ನಿರ್ದೇಶಕ ಜೇಮ್ಸ್ ವೇಲ್ ಅವರ ಕರೆ. ರೇನ್ಸ್ ಬೇರೊಂದು ಸಿನಿಮಾಕ್ಕಾಗಿ ಒಂದು ಸ್ಕ್ರೀನ್ ಟೆಸ್ಟ್ ಕೊಟ್ಟಿದ್ದರು. ಅದು ಕೆಟ್ಟದಾಗಿತ್ತು. ನಾಟಕದ ನಟರು ಕ್ಯಾಮೆರಾ ಮುಂದೆ ಹೊಸದರಲ್ಲಿ ಮಾಡುವಂತೆ ಎಲ್ಲವೂ ಜಾಸ್ತಿ. ಪಕ್ಕದ ಕೋಣೆಯಲ್ಲಿದ್ದ ವೇಲ್ ಕಿವಿಗೆ ಆ ಟೆಸ್ಟಿನ ದನಿ ಬಿತ್ತು, ಮುಖ ಹೇಗಿದ್ದರೂ ಪರವಾಗಿಲ್ಲ, ನನಗೆ ಈ ದನಿ ಬೇಕು ಅಂದುಬಿಟ್ಟರು ಅಂತ ಕತೆ ಹೇಳುತ್ತಾರೆ. ವೇಲ್‌ಗೆ ಬೇಕಿದ್ದದ್ದೂ ದನಿಯೇ. ಅವರು ಎಚ್. ಜಿ. ವೆಲ್ಸ್ ಅವರ ಅದೃಶ್ಯ ಮನುಷ್ಯನ ಕಾದಂಬರಿಯನ್ನು ಸಿನಿಮಾ ಮಾಡುತ್ತಿದ್ದರು. ಅದು 1933ರಲ್ಲಿ ತೆರೆಗೆ ಬಂತು. ರೇನ್ಸ್ ಅವರ ಮೊದಲ ಟಾಕಿ ಅದು. ಅದರಲ್ಲಿ ಅವರ ಮುಖ ಕಾಣುವುದು ಕೊನೆಯ ಕೆಲವೇ ಕ್ಷಣ. ಅದೂ ಸತ್ತ ಮೇಲೆ.

ಈ ಸಿನಿಮಾವನ್ನು ಬರೀ ಹಾರರ್ ಅಂತ ಪಕ್ಕಕ್ಕಿಡುವವರ ಮೇಲೆ ನನಗೆ ಸಿಟ್ಟಿದೆ. ಮೊದಲ ದೃಶ್ಯ ನೆನಪಿಸಿಕೊಳ್ಳಿ. ಹಿಮ ಬೀಳುತ್ತಿದೆ. ಹಳ್ಳಿಯ ಹೋಟೆಲಿನ ಬಾಗಿಲು ತೆರೆಯುತ್ತದೆ. ಮುಖದ ತುಂಬ ಬಿಳಿ ಬ್ಯಾಂಡೇಜ್ ಸುತ್ತಿಕೊಂಡ, ಕಪ್ಪು ಕನ್ನಡಕ ಹಾಕಿದ ಒಬ್ಬ ಮನುಷ್ಯ. ಎಲ್ಲರೂ ಮಾತು ನಿಲ್ಲಿಸಿ ದುರುಗುಟ್ಟಿ ನೋಡುತ್ತಾರೆ. ಅವನಿಗೆ ಬೇಕಾದದ್ದು ಒಂದು ಕೋಣೆ, ಬೆಂಕಿ, ಏಕಾಂತ. ಇಷ್ಟೇ.

1933ರ ಇಂಗ್ಲಿಷ್ ಪ್ರೇಕ್ಷಕರಿಗೆ ಇಂಥ ಮನುಷ್ಯ ಕಾಲ್ಪನಿಕನಾಗಿರಲಿಲ್ಲ. ಯುದ್ಧದಲ್ಲಿ ಮುಖ ಛಿದ್ರವಾದ 5,000ಕ್ಕೂ ಹೆಚ್ಚು ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಎಂಬ ಸರ್ಜನ್ ಮತ್ತು ಅವರ ತಂಡ ಸಿಡ್‌ಕಪ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿತ್ತು. ಆ ಊರಿನ ರಸ್ತೆಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಹಚ್ಚಿದ್ದರು. ಅಲ್ಲಿ ಕೂತವರ ಮುಖ ನೋಡಿ ಬೆಚ್ಚಿಬೀಳಬೇಡಿ ಅಂತ ದಾರಿಹೋಕರಿಗೆ ಸೂಚನೆ ಅದು. ಈಗ ಈ ಸಿನಿಮಾ ಮಾಡಿದವರನ್ನು ನೋಡಿ. ನಿರ್ದೇಶಕ ವೇಲ್ 1917ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿ ಯುದ್ಧಕೈದಿಯಾಗಿದ್ದವರು. ಚಿತ್ರಕತೆ ಬರೆದ ಆರ್. ಸಿ. ಶೆರಿಫ್ ಅದೇ ವರ್ಷ ಪ್ಯಾಷೆಂಡೇಲ್‌ನಲ್ಲಿ ಗಾಯಗೊಂಡವರು. ಕಂದಕದ ಬದುಕನ್ನು ಕುರಿತ ಶೆರಿಫ್ ಅವರ ನಾಟಕವನ್ನು ವೇಲ್ ರಂಗಕ್ಕೆ ತಂದಿದ್ದರು. ಇಬ್ಬರಿಗೂ ಹೆಸರು ಬಂದದ್ದೇ ಅದರಿಂದ. ಬ್ಯಾಂಡೇಜಿನ ಒಳಗಿದ್ದ ನಟ ವಿಷಾನಿಲ ಕುಡಿದು ಒಂದು ಕಣ್ಣು ಕಳೆದುಕೊಂಡವರು. ಮೂವರೂ ಒಟ್ಟಿಗೆ ಕೂತು, ಮುಖವಿಲ್ಲದ ಒಬ್ಬ ಮನುಷ್ಯ ಬೆಚ್ಚಗಿನ ಹೋಟೆಲಿಗೆ ಬಂದಾಗ ಊರಿನವರು ಹೇಗೆ ನೋಡುತ್ತಾರೆ ಅನ್ನುವುದನ್ನು ತೋರಿಸಿದರು. ಯುದ್ಧ ಅನ್ನುವ ಮಾತನ್ನು ಮುಂದಿಡದೆ ಯುದ್ಧದ ಬಗ್ಗೆ ಮಾಡಿದ ಸಿನಿಮಾ ಇದು ಅಂತಲೇ ನಾನು ಓದಿಕೊಳ್ಳುವುದು.

ಮಾಯ ಮಾಡಿದ್ದು ಜಾನ್ ಫುಲ್ಟನ್ ಅವರ ಕೈಚಳಕ. ಮೈಗೆ ಕಪ್ಪು ವೆಲ್ವೆಟ್ ಬಟ್ಟೆ, ಹಿಂದೆ ಕಪ್ಪು ವೆಲ್ವೆಟ್ ಪರದೆ. ಅದರ ಮೇಲೆ ತೊಟ್ಟ ಅಂಗಿ ಪ್ಯಾಂಟು ಮಾತ್ರ ಕ್ಯಾಮೆರಾಕ್ಕೆ ಕಾಣಬೇಕು. ಆಮೇಲೆ ಆ ಚಿತ್ರವನ್ನು ಬೇರೆ ಚಿತ್ರದ ಮೇಲೆ ಕೂರಿಸಬೇಕು. ಈ ತಂತ್ರದ ದೃಶ್ಯಗಳಲ್ಲಿ ಬೇರೆಯವರೂ ಬದಲಿಗೆ ನಿಂತಿದ್ದಾರೆ. ಆದರೆ ದನಿಗೆ ಬದಲಿ ಇರಲಿಲ್ಲ. ಮೊದಲು ಸುಸ್ತಾದ, ಕಿರಿಕಿರಿಗೊಂಡ ವಿಜ್ಞಾನಿಯ ದನಿ. ಆಮೇಲೆ ತನ್ನ ಶಕ್ತಿ ಕಂಡು ತನಗೇ ಬರುವ ನಗು. ಆಮೇಲೆ ಜಗತ್ತನ್ನೇ ಆಳುತ್ತೇನೆ ಅನ್ನುವ ಹುಚ್ಚು. ಬರೀ ಪ್ಯಾಂಟು ಮಕ್ಕಳ ಹಾಡು ಹಾಡುತ್ತಾ ರಸ್ತೆಯಲ್ಲಿ ಕುಣಿದು ಹೋಗುವ ದೃಶ್ಯ ಒಂದಿದೆ. ಹೆದರಿಕೆಯೂ ನಗುವೂ ಒಟ್ಟಿಗೆ ಬರುತ್ತದೆ. ನಡುವೆ ಪ್ರೀತಿಸಿದ ಹುಡುಗಿಯ ಜೊತೆ ಮಾತಾಡುವಾಗ ದನಿ ಒಂದು ಕ್ಷಣ ಮೆತ್ತಗಾಗಿ ಹಳೆಯ ಮನುಷ್ಯ ಹಣಕಿಹಾಕುತ್ತಾನೆ. ಇಷ್ಟೆಲ್ಲ ಮುಖವಿಲ್ಲದೆ. 44ನೇ ವಯಸ್ಸಿನಲ್ಲಿ ಸಿನಿಮಾಕ್ಕೆ ಬಂದ ಒಬ್ಬ ನಟ ಹೀಗೆ ಬಂದದ್ದು ಬೇರೆಲ್ಲೂ ನಡೆದಿಲ್ಲ ಅಂತ ನನಗನಿಸುತ್ತದೆ.

ಅಲ್ಲಿಂದ ಮುಂದಿನ ಹತ್ತು ಹದಿನೈದು ವರ್ಷ ವಾರ್ನರ್ ಬ್ರದರ್ಸ್ ಸ್ಟುಡಿಯೋದವರಿಗೆ ರೇನ್ಸ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. 1938ರ ರಾಬಿನ್ ಹುಡ್‌ನಲ್ಲಿ ಕೆಂಪು ಕೂದಲಿನ ರಾಜಕುಮಾರ ಜಾನ್. ನೌ ವಾಯೇಜರ್‌ನಲ್ಲಿ ಕರುಣೆಯ ಡಾಕ್ಟರ್. ಯೂನಿವರ್ಸಲ್‌ಗೆ ಹೋಗಿ ಒಪೆರಾದ ಭೂತವೂ ಆಗಿ ಬಂದರು. ಬೆಟ್ಟಿ ಡೇವಿಸ್ ಅವರಿಗೆ ಇವರೆಂದರೆ ಪಂಚಪ್ರಾಣ. ಮೊದಲ ಸಲ ಜೊತೆಗೆ ನಟಿಸಿದಾಗ ಮಾತ್ರ ಭಯ ಬಿದ್ದಿದ್ದರಂತೆ. ಹುವಾರೆಸ್ ಸಿನಿಮಾದಲ್ಲಿ ರೇನ್ಸ್ ಮೂರನೇ ನೆಪೋಲಿಯನ್. ಆ ಕಣ್ಣಲ್ಲಿದ್ದ ತಿರಸ್ಕಾರ ನೋಡಿ, ಈತನಿಗೆ ನನ್ನ ನಟನೆಯೇ ಹಿಡಿಸಿಲ್ಲ ಅಂತ ಡೇವಿಸ್ ನಂಬಿಬಿಟ್ಟಿದ್ದರು. ಆ ಕಣ್ಣುಗಳಲ್ಲಿ ಒಂದಕ್ಕೆ ಅವರು ಸರಿಯಾಗಿ ಕಂಡೇ ಇರಲಿಲ್ಲ.

ಹೀರೋ ಆಗಲಿಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. 1946ರ ನಟೋರಿಯಸ್ ನೋಡಿ. ಹೀರೋ ಕ್ಯಾರಿ ಗ್ರಾಂಟ್. ರೇನ್ಸ್ ಮಾಡಿದ್ದು ಬ್ರೆಜಿಲ್‌ನಲ್ಲಿ ಅಡಗಿರುವ ನಾಜಿ ಸೆಬಾಸ್ಟಿಯನ್. ಹೆಂಡತಿಗೆ ದಿನದಿನವೂ ವಿಷ ಕೊಡುತ್ತಿರುವವನು. ಆದರೂ ಇಡೀ ಸಿನಿಮಾದಲ್ಲಿ ಆ ಹೆಣ್ಣನ್ನು ಮುಚ್ಚುಮರೆಯಿಲ್ಲದೆ ಪ್ರೀತಿಸಿದವನು ಅವನೊಬ್ಬನೇ. ಗ್ರಾಂಟ್ ಪಾತ್ರಕ್ಕೆ ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ. ಹೆಂಡತಿಯ ಪಾತ್ರ ಮಾಡಿದ ಬರ್ಗ್‌ಮನ್ ರೇನ್ಸ್‌ಗಿಂತ ಎತ್ತರ. ಜೊತೆಗೆ ನಿಲ್ಲುವ ದೃಶ್ಯಗಳಿಗೆ ನಿರ್ದೇಶಕ ಹಿಚ್‌ಕಾಕ್ ಕಾಲಡಿಗೆ ಏರು ಹಲಗೆ ಹಾಕಿಸಿದ್ದರು ಅನ್ನುತ್ತಾರೆ. ತಾಯಿಯ ಪಾತ್ರ ಮಾಡಿದ ಲಿಯೊಪೋಲ್ಡೀನ್ ಕಾನ್‌ಸ್ಟಾಂಟಿನ್ ನಿಜದಲ್ಲಿ ಇವರಿಗಿಂತ ಮೂರೇ ವರ್ಷ ದೊಡ್ಡವರು. ಆದರೂ ಆಕೆ ಕೋಣೆಗೆ ಬಂದ ಕೂಡಲೇ ರೇನ್ಸ್ ಹತ್ತು ವರ್ಷದ ಮಗ ಆಗಿಬಿಡುತ್ತಾರೆ. ಭುಜ ಇಳಿಯುತ್ತದೆ, ದನಿ ಚಿಕ್ಕದಾಗುತ್ತದೆ. ಕೊನೆಯಲ್ಲಿ ಹೆಂಡತಿಯನ್ನು ಗ್ರಾಂಟ್ ಎತ್ತಿಕೊಂಡು ಹೋಗಿ ಕಾರಿನ ಬಾಗಿಲು ಹಾಕಿಕೊಳ್ಳುತ್ತಾನೆ. ಸೆಬಾಸ್ಟಿಯನ್ ಹೊರಗುಳಿಯುತ್ತಾನೆ. ಮನೆಯ ಬಾಗಿಲಲ್ಲಿ ಅವನ ಜೊತೆಗಾರರೇ ಅವನನ್ನು ಕೊಲ್ಲಲು ಕಾಯುತ್ತಿದ್ದಾರೆ. ಅವನು ತಿರುಗಿ ಮೆಟ್ಟಿಲು ಹತ್ತುತ್ತಾನೆ. ನನ್ನ ಮನಸ್ಸು ಕಾರಿನ ಜೊತೆ ಹೋಗದೆ ಮೆಟ್ಟಿಲ ಮೇಲೇ ಉಳಿದುಬಿಡುತ್ತದೆ. ನಾಜಿಯೊಬ್ಬನಿಗಾಗಿ! ಒಬ್ಬ ನಟ ಇದಕ್ಕಿಂತ ಜಾಸ್ತಿ ಏನು ಮಾಡಬೇಕು?

ಈ ಪಾತ್ರಕ್ಕೆ ರೇನ್ಸ್ ಹೆಸರು ಆಸ್ಕರ್‌ಗೆ ಹೋಯಿತು. ಅದು ನಾಲ್ಕನೇ ಸಲ. ಅದಕ್ಕೂ ಮೊದಲು ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್, ಕ್ಯಾಸಾಬ್ಲಾಂಕಾ, ಮಿಸ್ಟರ್ ಸ್ಕೆಫಿಂಗ್ಟನ್ ಸಿನಿಮಾಗಳಿಗೆ ಹೋಗಿತ್ತು. ನಾಲ್ಕೂ ಸಲ ಪೋಷಕ ನಟ ವಿಭಾಗದಲ್ಲಿ. ನಾಲ್ಕೂ ಸಲ ಬರಲಿಲ್ಲ. ನಾಲ್ಕನೇ ಸಲ ಆ ಪ್ರಶಸ್ತಿ ಪಡೆದವರು ಹೆರಾಲ್ಡ್ ರಸೆಲ್. ವೃತ್ತಿ ನಟರೇ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ತರಬೇತಿಯ ವೇಳೆ ಸ್ಫೋಟಕ ಸಿಡಿದು ಎರಡೂ ಕೈ ಕಳೆದುಕೊಂಡ ಸೈನಿಕ. ಮನೆಗೆ ಮರಳುವ ಯೋಧರ ಕುರಿತ ಸಿನಿಮಾದಲ್ಲಿ ತನ್ನಂಥದೇ ಪಾತ್ರವನ್ನು ಲೋಹದ ಕೊಕ್ಕೆಗಳ ಕೈಯಲ್ಲೇ ಮಾಡಿದ್ದರು. ಅವರಿಗೆ ಬಂದದ್ದು ನ್ಯಾಯವೇ. ಆದರೆ ಆ ರಾತ್ರಿಯ ಪಟ್ಟಿ ನನ್ನನ್ನು ಬಿಡುವುದಿಲ್ಲ. ಒಂದು ಯುದ್ಧದ ಗಾಯವನ್ನು ಎಲ್ಲರಿಗೂ ಕಾಣುವಂತೆ ತೋರಿಸಿದ ಒಬ್ಬರು. ಅದರ ಹಿಂದಿನ ಯುದ್ಧದ ಗಾಯವನ್ನು ಮೂವತ್ತು ವರ್ಷದಿಂದ ಬಚ್ಚಿಟ್ಟುಕೊಂಡು ಬಂದ ಇನ್ನೊಬ್ಬರು. ಇಬ್ಬರ ಹೆಸರೂ ಒಂದೇ ಪಟ್ಟಿಯಲ್ಲಿ. ಆ ಎರಡು ಯುದ್ಧಗಳ ನಡುವೆ ಸೈನಿಕನ ನೋವಿನ ಬಗ್ಗೆ ಜನರ ಮನಸ್ಸು ಎಷ್ಟು ಬದಲಾಯಿತು ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

1944ರ ಮಿಸ್ಟರ್ ಸ್ಕೆಫಿಂಗ್ಟನ್ ಬಗ್ಗೆ ಒಂದು ಮಾತು. ಅದರಲ್ಲಿ ರೇನ್ಸ್ ಯಹೂದಿ ಬ್ಯಾಂಕರ್. ಸುಂದರಿ ಹೆಂಡತಿ ಅವನನ್ನು ಎಂದೂ ಪ್ರೀತಿಸಲಿಲ್ಲ. ಕೊನೆಗೆ ನಾಜಿಗಳ ಸೆರೆಶಿಬಿರದಿಂದ ಅವನು ಕುರುಡನಾಗಿ ಮರಳುತ್ತಾನೆ. ಅಷ್ಟರಲ್ಲಿ ಕಾಯಿಲೆ ಆಕೆಯ ರೂಪವನ್ನು ತಿಂದುಹಾಕಿದೆ. ಅವನಿಗೆ ಅದು ಕಾಣುವುದಿಲ್ಲ. ಆ ದೃಶ್ಯ ತೀರಾ ಅಳಿಸುವ ಮೆಲೋಡ್ರಾಮಾ ಆಗಬಹುದಿತ್ತು. ರೇನ್ಸ್ ಕೋಣೆಯೊಳಗೆ ತಡವರಿಸಿಕೊಂಡು ನಡೆಯುವ ರೀತಿಯಲ್ಲಿ ನಟನೆಗಿಂತ ಅನುಭವವೇ ಜಾಸ್ತಿ ಇದೆಯೇನೋ ಅಂತ ಅನ್ನಿಸುತ್ತದೆ.

1945ರ ಸೀಸರ್ ಅಂಡ್ ಕ್ಲಿಯೋಪಾತ್ರಾದಲ್ಲಿ ವಿವಿಯನ್ ಲೀ ಜೊತೆ ಸೀಸರ್ ಆದರು. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ತೆಗೆದ ಅತಿ ದುಬಾರಿ ಸಿನಿಮಾ ಅದು. ಅದ್ದೂರಿತನವೇ ಸಿನಿಮಾವನ್ನು ನುಂಗಿತು. ರೇನ್ಸ್ ಬಾಯಲ್ಲಿ ಶಾ ಮಾತು ಕೇಳುವುದಕ್ಕಾಗಿ ಒಮ್ಮೆ ನೋಡಬಹುದು. ಆರು ಮದುವೆಗಳಾದವು. ಪೆನ್ಸಿಲ್ವೇನಿಯಾದಲ್ಲಿ ಹೊಲ ಕೊಂಡು ನಿಜವಾಗಿಯೂ ಬೇಸಾಯ ಮಾಡಿದರು. 1951ರಲ್ಲಿ ಮತ್ತೆ ಬ್ರಾಡ್‌ವೇಗೆ ಬಂದು, ತನ್ನದೇ ಪಕ್ಷದವರ ಜೈಲಿನಲ್ಲಿ ಕೂತ ಹಳೆಯ ಕ್ರಾಂತಿಕಾರಿಯ ಪಾತ್ರಕ್ಕೆ ಟೋನಿ ಪ್ರಶಸ್ತಿ ಪಡೆದರು. ಸಿನಿಮಾ ಕೊಡದ ಮುಖ್ಯ ನಟನ ಬಹುಮಾನವನ್ನು ರಂಗಭೂಮಿ ಕೊಟ್ಟಿತು. 1962ರ ಲಾರೆನ್ಸ್ ಆಫ್ ಅರೇಬಿಯಾದಲ್ಲಿ ಅವರು ಡ್ರೈಡನ್. ಎಲ್ಲ ತಿಳಿದೂ ಏನೂ ಹೇಳದ ಬ್ರಿಟಿಷ್ ಅಧಿಕಾರಿ. ಮರುಭೂಮಿಯ ಅಷ್ಟು ದೊಡ್ಡ ದೃಶ್ಯಗಳ ನಡುವೆ, ಮೇಜಿನ ಪಕ್ಕ ಸುಮ್ನೆ ಕೂತು ಹೇಳಿದ ಅವರ ನಾಲ್ಕು ಮಾತು ನನಗೆ ಇನ್ನೂ ಕೇಳಿಸುತ್ತದೆ. 1967ರ ಮೇ 30ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ, 77ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರನ್ನು ಹೊಸದಾಗಿ ಕೇಳುವವರಿಗೆ ನಾನು ಸಿನಿಮಾಗಿಂತ ಮೊದಲು ಒಂದು ರೆಕಾರ್ಡಿಂಗ್ ಹೇಳುತ್ತೇನೆ. 1960ರ ದಶಕದ ಆರಂಭದಲ್ಲಿ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಜೊತೆ ಮಾಡಿದ್ದು. ಟೆನಿಸನ್ ಅವರ ಈನಕ್ ಆರ್ಡನ್ ಅನ್ನುವ ಕತೆಗವನಕ್ಕೆ ರಿಚರ್ಡ್ ಸ್ಟ್ರಾಸ್ ಪಿಯಾನೋ ಸಂಗೀತ ಬರೆದಿದ್ದರು. ಹಾಡುವುದಲ್ಲ, ಓದುವುದು. ಹಡಗು ಒಡೆದು ವರ್ಷಗಟ್ಟಲೆ ದ್ವೀಪದಲ್ಲಿ ಸಿಕ್ಕಿಬಿದ್ದ ನಾವಿಕ ಊರಿಗೆ ಮರಳುತ್ತಾನೆ. ಹೆಂಡತಿ ಅವನು ಸತ್ತನೆಂದು ತಿಳಿದು ಬೇರೆ ಮದುವೆಯಾಗಿದ್ದಾಳೆ. ಕಿಟಕಿಯಾಚೆ ನಿಂತು ಆ ಸಂಸಾರವನ್ನು ನೋಡುತ್ತಾನೆ. ನಾನು ಬಂದಿದ್ದೇನೆ ಅಂತ ಹೇಳದೆ ಹಿಂದೆ ಸರಿಯುತ್ತಾನೆ. ಎಪ್ಪತ್ತು ದಾಟಿದ ರೇನ್ಸ್ ಇಲ್ಲಿ ಹಳೆಯ ರಂಗಭೂಮಿಯ ಶೈಲಿಯಲ್ಲೇ ಓದುತ್ತಾರೆ. ದೊಡ್ಡ ದನಿ, ಉದ್ದ ಉಸಿರು, ಟ್ರೀ ಕಾಲದ ಗತ್ತು. ಇಂದಿನ ಕಿವಿಗೆ ಮೊದಲ ಐದು ನಿಮಿಷ ಇದು ಅತಿಯಾಯಿತು ಅನ್ನಿಸಬಹುದು. ತಾಳ್ಮೆಯಿಂದ ಕೇಳಿ. ಕಿಟಕಿಯ ಭಾಗ ಬರುವ ಹೊತ್ತಿಗೆ ಗತ್ತೆಲ್ಲ ಕಳಚಿ, ಗಂಟಲಿನ ಆ ಒರಟು ಮೇಲೆ ಬರುತ್ತದೆ. ಒಳ್ಳೆಯ ಹೆಡ್‌ಫೋನ್ ಇದ್ದರೆ ಇನ್ನೂ ಚೆನ್ನ.